ಕೊನೆಯ ಸುರುಳಿ ಯಾವುದು?

ಬೆಳಕು ಹರಿಯುವ ಹೊತ್ತಿಗೆ ಆಕೆ ನೆಲಮಾಳಿಗೆಯ ಬಾಗಿಲು ತೆಗೆದು ಮೊದಲು ಮೂಗು ಒಳಗೆ ಹಾಕುತ್ತಾರೆ, ಆಮೇಲೆ ಕಾಲು. ಹುಳಿ ವಾಸನೆ ನಿನ್ನೆಗಿಂತ ಜಾಸ್ತಿಯೋ ಕಡಿಮೆಯೋ ಎಂದು ಹೊಸ್ತಿಲಲ್ಲೇ ನಿಂತು ಅಳೆಯುತ್ತಾರೆ. ಹಳೆಯ ಸಿನಿಮಾ ಸುರುಳಿ ಕೆಡತೊಡಗಿದರೆ ಅದು ಮೊದಲು ಹೇಳಿಕೊಳ್ಳುವುದು ಮೂಗಿಗೆ. "ಇವತ್ತು ಯಾರೋ ಹೊಸಬರು ಕೆಟ್ಟಿದ್ದಾರೆ," ಎನ್ನುತ್ತಾರೆ, ಮನೆಯಲ್ಲಿ ಯಾರಿಗೋ ಜ್ವರ ಬಂದ ಧಾಟಿಯಲ್ಲಿ.

ತಣ್ಣನೆಯ ಕೋಣೆಯಿಂದ ಆ ದಿನದ ಡಬ್ಬಿಗಳನ್ನು ಹೊರತಂದು ಮೇಜಿನ ಮೇಲೆ ಸಾಲಾಗಿ ಇಡುತ್ತಾರೆ. ತಕ್ಷಣ ತೆರೆಯುವಂತಿಲ್ಲ. ತಣ್ಣಗಿನ ಕನ್ನಡಕಕ್ಕೆ ಹಬೆ ಕಟ್ಟುವ ಹಾಗೆ ಫಿಲ್ಮಿಗೂ ಕಟ್ಟುತ್ತದೆ. ಅವು ಮೆಲ್ಲಗೆ ಬಿಸಿಯಾಗಬೇಕು. ಬೆಳಗಿನ ಜಾವವೇ ಬರುವುದು ಅದಕ್ಕೆ. ಡಬ್ಬಿಗಳು ಚಳಿ ಬಿಡುವ ತನಕ ಆಕೆ ಹತ್ತಿಯ ಕೈಗವಸು ಹಾಕಿಕೊಂಡು, ಹರಿದ ಬೆರಳಿನ ತುದಿಯನ್ನು ಮಡಚಿ, ಚಹಾ ಕುಡಿಯುತ್ತ ಕೂರುತ್ತಾರೆ.

ಈ ಸಿನಿಮಾ ಸಂಗ್ರಹಾಲಯದಲ್ಲಿ ಎಲ್ಲರೂ ಅವರನ್ನು ಕರೆಯುವುದು ಸುರುಳಿಯಕ್ಕ ಎಂದು. ಬಂದದ್ದು ನೆಲ ಒರೆಸುವುದಕ್ಕೆ. ಆಗ ಮೇಜಿನ ಮುಂದೆ ಕೂರುತ್ತಿದ್ದ ಮುದುಕನ ಕೈ ನಡುಗತೊಡಗಿತ್ತು. ಒಂದು ದಿನ ಅವನು ಹರಿದ ಫಿಲ್ಮಿನ ಎರಡು ತುದಿ ಕೂಡಿಸಲಾಗದೆ ಒದ್ದಾಡುತ್ತಿದ್ದಾಗ ಇವರು ಪೊರಕೆ ಗೋಡೆಗೆ ಒರಗಿಸಿ, "ಸ್ವಲ್ಪ ಈ ಕಡೆ ಕೊಡಿ" ಎಂದರು. ಅತ್ತೆಯ ಹೊಲಿಗೆ ಅಂಗಡಿಯಲ್ಲಿ ವರ್ಷಗಟ್ಟಲೆ ಕಾಜಾ ಹಾಕಿ ಪಳಗಿದ ಕೈ. ಫಿಲ್ಮು ಸುಮ್ಮನೆ ಕೂಡಿಕೊಂಡಿತು. ಮುದುಕ ಎದ್ದು ತನ್ನ ಕುರ್ಚಿಯನ್ನು ಒರೆಸಿಕೊಟ್ಟನಂತೆ.

ಕೆಲಸ ಹೀಗೆ: ಎಡಕ್ಕೊಂದು ಚಕ್ರ, ಬಲಕ್ಕೊಂದು ಚಕ್ರ, ನಡುವೆ ಕೆಳಗಿನಿಂದ ದೀಪ ಉರಿಯುವ ಗಾಜು. ಸುರುಳಿ ಎಡದಿಂದ ಬಲಕ್ಕೆ ಹರಿಯುವಾಗ ಎರಡು ಬೆರಳು ಅಂಚಿನ ಮೇಲೆ ಜಾರುತ್ತಿರಬೇಕು. ಎಲ್ಲಿ ಸೀಳಿದೆ, ಎಲ್ಲಿ ಅಂಚಿನ ತೂತು ಹರಿದಿದೆ, ಬೆರಳೇ ಹೇಳುತ್ತದೆ. ದಿನಕ್ಕೆ ಎರಡು ಸುರುಳಿ, ಒಳ್ಳೆಯ ದಿನವಾದರೆ ಮೂರು. ಕುತ್ತಿಗೆ ಸಂಜೆಗೆ ಮರದ ಕೊರಡು. ಕೂದಲಿಗೆ ಹತ್ತಿದ ಹುಳಿ ವಾಸನೆ ಭಾನುವಾರಕ್ಕೂ ಹೋಗುವುದಿಲ್ಲ. ಕೆಲಸದ ಕರಾರು ಈಗಲೂ ವರ್ಷದಿಂದ ವರ್ಷಕ್ಕೆ. "ಪ್ರತಿ ವರ್ಷ ಹೊಸ ಮದುವೆ," ಎಂದು ನಗುತ್ತಾರೆ. "ಒಂದು ರೀತೀಲಿ ಒಳ್ಳೇದೇ. ಬೇಜಾರಾಗಲ್ಲ."

ಈ ಮೇಜಿಗೆ ಧ್ವನಿ ಇಲ್ಲ. ಹಾಗಾಗಿ ಸುರುಳಿಯಕ್ಕ ನೂರಾರು ಹಳೆಯ ಸಿನಿಮಾಗಳನ್ನು ನೋಡಿದ್ದಾರೆ, ಒಂದು ಮಾತನ್ನೂ ಕೇಳದೆ. ಅಭಿಪ್ರಾಯಕ್ಕೇನೂ ಅದರಿಂದ ಕೊರತೆಯಾಗಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಾಕು, ಹಿಂದಿನ ದಿನ ಮುಗಿಸಿದ ಸಿನಿಮಾದ ವಿಚಾರಣೆ ಶುರು. ಈ ವಾರದ್ದು ಕಳ್ಳನೊಬ್ಬನ ಕತೆ.

"ಕಳ್ಳ ಒಳ್ಳೇವನು ರೀ. ಬೀಗ ಮುರಿದು ಒಳಗೆ ಹೋದೋನು ಬರೋವಾಗ ಬಾಗಿಲು ಎಳ್ಕೊಂಡು ಬರ್ತಾನೆ. ಪೊಲೀಸ್ನೋರು ನೋಡಿ, ಎಲ್ಲಾ ಡ್ರಾಯರೂ ಎಳೆದು ಬಾಯಿ ಬಿಡಿಸಿ ಹೋದ್ರು. ಆ ನಾಯಕನೋ, ಹದಿಮೂರು ರೀಲು ಓಡಿದ, ಒಂದು ಲೋಟ ತೊಳೀಲಿಲ್ಲ." ಅಳುವುದರ ಬಗ್ಗೆಯೂ ಆಕೆಗೆ ಖಚಿತ ನಿಲುವಿದೆ. "ಮೂಗು ಒರೆಸಿಕೊಳ್ಳದೆ ಅತ್ತವರನ್ನ ನಾನು ನಂಬಲ್ಲ."

ತಪ್ಪುವುದೂ ಉಂಟು. ಒಂದು ಚಿತ್ರದ ಗಂಡ ಹೆಂಡತಿ ಎಷ್ಟು ಭಯಂಕರ ಜಗಳ ಆಡಿದರೆಂದರೆ ಇವರಿಗೆ ಆ ದಿನ ಊಟ ಸೇರಲಿಲ್ಲ. ಆಮೇಲೆ ಧ್ವನಿ ಹಾಕಿ ನೋಡಿದರೆ ಅವರು ಅಣ್ಣ ತಂಗಿ, ಜಗಳ ಕೊಡೆ ಯಾರದು ಎಂಬುದಕ್ಕೆ. "ಪಾಪ, ಅವನಿಗೆ ಎಷ್ಟು ಶಾಪ ಹಾಕ್ಬಿಟ್ಟಿದ್ದೆ!"

ಮನೆಯಲ್ಲೂ ಇದೇ ವ್ಯವಹಾರ. ಅತ್ತೆಗೆ ಕಿವಿ ಪೂರ್ತಿ ಹೋಗಿದೆ, ಕಣ್ಣು ಮಾತ್ರ ಹದ್ದಿನದು. ಸಂಜೆ ಟಿವಿಯಲ್ಲಿ ಹಳೆಯ ಚಿತ್ರ ಬಂದರೆ ಅತ್ತೆ ಸೊಸೆ ಇಬ್ಬರೂ ಅಕ್ಕಪಕ್ಕ ಕೂತು ಧ್ವನಿ ಆರಿಸಿ ನೋಡುತ್ತಾರೆ. ಬಸ್ ಡಿಪೋದಲ್ಲಿ ಟೈರು ಬದಲಿಸುವ ಗಂಡ ಗೊಣಗುತ್ತಾರೆ: "ಜಗತ್ತಲ್ಲಿ ಮೂಗ ಸಿನಿಮಾಕ್ಕೆ ಮಾತು ಬಂತು. ಈ ಮನೇಲಿ ಮಾತಾಡೋ ಸಿನಿಮಾ ಮೂಗ ಆಯ್ತು." ಅತ್ತೆಯ ವಿಮರ್ಶೆ ಚಿಕ್ಕದು, ಚುಚ್ಚುವಂಥದ್ದು. "ರಾಣಿ ಅಂತೆ ರಾಣಿ! ಬೆನ್ನ ಹಿಂದೆ ಪಿನ್ನು ಹಾಕಿದಾರೆ, ನೋಡೇ."

ಇಷ್ಟು ದಿನ ಈ ಅಭಿಪ್ರಾಯಗಳಿಂದ ಯಾರಿಗೂ ಲಾಭವಾಗಿಲ್ಲ, ನಷ್ಟವೂ ಇಲ್ಲ. ಈ ಸಲ ಹಾಗಲ್ಲ.

ಹೋದ ತಿಂಗಳು, ಬಾಗಿಲು ಹಾಕಿದ ಚಿತ್ರಮಂದಿರವೊಂದರ ಹಿಂದಿನ ಕೋಣೆಯಿಂದ ಹನ್ನೊಂದು ಡಬ್ಬಿ ಬಂದಿವೆ. ಒಂದೇ ಸಿನಿಮಾ, ಉಳಿದಿರುವ ಒಂದೇ ಪ್ರತಿ. ಒಂಬತ್ತು ಡಬ್ಬಿಗಳ ಮೇಲೆ ಸಂಖ್ಯೆ ಇದೆ. ಕೊನೆಯ ಎರಡರ ಚೀಟಿ ತೇವಕ್ಕೆ ಕೊಳೆತು ಹೋಗಿದೆ. ಆ ಎರಡು ಸುರುಳಿಗಳ ಧ್ವನಿಪಟ್ಟಿ ಅಳಿಸಿದೆ, ಕ್ರಮ ತಿಳಿಸುವ ಅಂಚಿನ ಗುರುತುಗಳೂ ಇಲ್ಲ. ಎರಡರ ಬಾಲವೂ ತುಂಡಾಗಿರುವುದರಿಂದ 'ಮುಗಿಯಿತು' ಎಂಬ ಫಲಕ ಯಾವುದರಲ್ಲಿತ್ತೋ ಹೇಳುವಂತಿಲ್ಲ. ಕತೆ ಬರೆದವರು ಈಗಿಲ್ಲ, ನಟಿಸಿದವರೂ ಇಲ್ಲ. ಯಾವುದು ಹತ್ತು, ಯಾವುದು ಹನ್ನೊಂದು? ಸೋಮವಾರ ಅದು ಹೊಸ ಪ್ರತಿ ತೆಗೆಯಲು ಹೋಗಬೇಕು. ಹಳೆಯದು ಆಗಲೇ ಹುಳಿ ಹಿಡಿದಿದೆ, ಹೆಚ್ಚು ದಿನ ಬಾಳದು. ಈಗ ಹೇಗೆ ಅಂಟಿಸುತ್ತಾರೋ ಮುಂದೆ ನೋಡುವವರಿಗೆಲ್ಲ ಅದೇ ಸಿನಿಮಾ. ಮೇಲ್ವಿಚಾರಕರು ಎರಡೂ ಕ್ರಮದಲ್ಲಿ ನೋಡಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಾರೆ. "ಹೇಗೆ ನೋಡಿದ್ರೂ ಕಣ್ಣಲ್ಲಿ ನೀರು ಬಂತಮ್ಮ. ಮುಟ್ಟಿ ನೋಡಿದವರು ನೀವು. ನೀವೇ ಹೇಳಿ."

ಕತೆ ಸರಳ. ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತ, ಅವನ ಹೆಂಡತಿ, ಪುಟ್ಟ ಮಗಳು. ಕಿಂಡಿಯಲ್ಲಿ ಬರೀ ಕೈಗಳನ್ನು ನೋಡಿ ಅಭ್ಯಾಸವಾದ ಅವನು ಮನೆಯಲ್ಲೂ ಹೆಂಡತಿಯ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಾನೆ, ಮುಖ ನೋಡುವುದಿಲ್ಲ. ಒಂಬತ್ತು ಸುರುಳಿಯ ತುಂಬ ಅವಳು ಒಣಗುತ್ತಾಳೆ. ಉಳಿದ ಎರಡರಲ್ಲಿ ಒಂದು ಬಸ್ಸಿನದು: ಮಗಳನ್ನು ಹೊಸ್ತಿಲಲ್ಲಿ ಬಿಟ್ಟು, ಸಣ್ಣ ಪೆಟ್ಟಿಗೆ ಹಿಡಿದು ಬಸ್ಸು ಹತ್ತುತ್ತಾಳೆ, ಕಿಟಕಿಯ ಗಾಳಿಗೆ ಮುಖ ಒಡ್ಡಿ ನಿಧಾನವಾಗಿ ನಗುತ್ತಾಳೆ. ಇನ್ನೊಂದು ಮನೆಯದು: ಮಗಳು ಸ್ಟೂಲು ಹತ್ತಿ ಕಪಾಟಿಗೆ ಕೈ ಚಾಚುತ್ತಿದ್ದಾಳೆ, ಗಂಡ ಚಹಾ ಸುರಿಯುತ್ತಿದ್ದಾನೆ, ಇವಳು ಮೇಜಿನ ಮುಂದೆ ಕೂತು ನಗುತ್ತಿದ್ದಾಳೆ. ಬಸ್ಸು ಕೊನೆಗೆ ಬಂದರೆ, ಮನೆಯಲ್ಲಿ ನಗು ಬಂದ ಮೇಲೂ ಅವಳು ಹೊರಟಳು. ಮನೆ ಕೊನೆಗೆ ಬಂದರೆ, ಹೋದವಳು ವಾಪಸ್ಸಾದಳು.

ಸುರುಳಿಯಕ್ಕನಿಗೆ ಅನುಮಾನವೇ ಇಲ್ಲ. "ಬಸ್ಸೇ ಕೊನೆ. ಅಷ್ಟು ದಿನ ಉಸಿರು ಕಟ್ಟಿ ಕೂತಿದ್ದೋಳು ರೀ ಅವಳು. ಹೋದೋಳು ತಿರುಗಿ ಅದೇ ಟೇಬಲ್ಲಿಗೆ ಬಂದು ಕೂತ್ರೆ ಆ ನಗುಗೆ ಏನು ಬೆಲೆ? ಒಂದು ತಿಂಗಳಿಂದ ನನ್ನ ಕೈಯಲ್ಲಿದ್ದಾಳೆ. ಅವಳ ಮುಖ ನನಗೆ ಗೊತ್ತು."

ಮನೆಯಲ್ಲಿ ಅವರ ಗಂಡನ ತೀರ್ಪು ಬೇರೆ. "ಮಗೂನ ಬಿಟ್ಟು ಹೋದೋಳು ಬರದೆ ಇರ್ತಾಳಾ?"

"ನಿಮಗೆ ಊಟಕ್ಕೆ ಹಾಕೋರು ಬೇಕು. ಅದಕ್ಕೇ ಅವಳು ವಾಪಸ್ ಬರಬೇಕು."

"ಸರಿಯಮ್ಮ, ನೀನು ಹಿಡಿದ ಮೊಲಕ್ಕೆ ಮೂರೇ ಕಾಲು."

ಶನಿವಾರ ಮಧ್ಯಾಹ್ನ ಮೇಲ್ವಿಚಾರಕರು ಒಂದು ಉಪಾಯ ಮಾಡುತ್ತಾರೆ. ಚಿಕ್ಕ ಪರದೆಯ ಮೇಲೆ ಚಿತ್ರ ತೋರಿಸುವ ನೋಟದ ಯಂತ್ರವೊಂದು ಮೇಲಿನ ಕೋಣೆಯಲ್ಲಿದೆ. ಬೇಕೆಂದಲ್ಲಿ ನಿಲ್ಲಿಸಬಹುದು, ಹಿಂದಕ್ಕೂ ತಿರುಗಿಸಬಹುದು. ಸಿಬ್ಬಂದಿಯ ಮನೆಯವರೂ ಬರಲಿ, ಇಡೀ ಸಿನಿಮಾ ನೋಡಿ ನಾಲ್ಕು ಜನರ ಅಭಿಪ್ರಾಯ ಕೇಳೋಣ ಎನ್ನುತ್ತಾರೆ. ಕುರ್ಚಿ ಸಾಲದೆ ಕೆಲವರು ಖಾಲಿ ಡಬ್ಬಿಗಳ ಪೆಟ್ಟಿಗೆಯ ಮೇಲೆ ಕೂರುತ್ತಾರೆ. ಅತ್ತೆಯನ್ನು ಎಲ್ಲರಿಗಿಂತ ಮುಂದೆ ಕೂರಿಸಲಾಗಿದೆ.

ಮೊದಲು ಸುರುಳಿಯಕ್ಕನ ಕ್ರಮ. ಬಸ್ಸು ಹೋಗುತ್ತದೆ, ಪರದೆ ಬೆಳ್ಳಗಾಗುತ್ತದೆ. ಬಾಗಿಲ ಕಾವಲಿನವನು ಕೈಯೆತ್ತಿ "ಇದೇ ಕರೆಕ್ಟು" ಎನ್ನುತ್ತಾನೆ. ಹೆಚ್ಚಿನ ಕೈಗಳು ಅವನ ಜೊತೆಗೇ ಮೇಲೇಳುತ್ತವೆ. ಸುರುಳಿಯಕ್ಕ ಗಂಡನ ಕಡೆ ನೋಡುವುದಿಲ್ಲ, ನೋಡದೆಯೇ ಗೆದ್ದ ಮುಖ ಮಾಡುತ್ತಾರೆ. ನ್ಯಾಯಕ್ಕೆ ಇರಲಿ ಎಂದು ಎರಡು ಸುರುಳಿಗಳನ್ನು ಅದಲು ಬದಲು ಮಾಡಿ ಮತ್ತೆ ಹಾಕುತ್ತಾರೆ. ಮಗಳು ಸ್ಟೂಲು ಹತ್ತುವಾಗ ಅತ್ತೆ ಎದ್ದು ನಿಲ್ಲುತ್ತಾರೆ. ತನ್ನ ಧ್ವನಿ ತನಗೇ ಕೇಳದವರ ದನಿ ಕೋಣೆಯನ್ನು ನಡುಗಿಸುತ್ತದೆ.

"ನಿಲ್ಸ್ರೋ! ಫ್ರಾಕು! ಫ್ರಾಕಿನ ಅಂಚು ನೋಡ್ರೋ!"

ಯಂತ್ರ ನಿಲ್ಲುತ್ತದೆ. ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತ ಮಗುವಿನ ಫ್ರಾಕು ಪರದೆಯ ತುಂಬ ಇದೆ. ಕೆಳ ಅಂಚಿನಿಂದ ಒಂದಿಷ್ಟು ಮೇಲೆ, ಸುತ್ತಲೂ, ಒಂದು ಕಪ್ಪು ಗೆರೆ. ಅತ್ತೆ ಪರದೆಯ ಹತ್ತಿರ ಹೋಗಿ ಬೆರಳಿನಿಂದ ಆ ಗೆರೆ ಎಳೆಯುತ್ತಾರೆ. "ಇಲ್ಲಿ ಮಡಿಕೆ ಇತ್ತು. ಬಿಚ್ಚಿ ಇಳಿಸಿದಾರೆ. ಎಷ್ಟು ಇಸ್ತ್ರಿ ಹಾಕಿದ್ರೂ ಈ ಗೆರೆ ಹೋಗಲ್ಲ. ಈಗ ಬಸ್ಸಿಂದು ಹಾಕಿ."

ಬಸ್ಸಿನ ಸುರುಳಿ ಹಾಕುತ್ತಾರೆ. ಹೊಸ್ತಿಲಲ್ಲಿ ನಿಂತ ಮಗುವಿಗೆ ಅದೇ ಫ್ರಾಕು. ಕೆಳಗೆ ದಪ್ಪ ಮಡಿಕೆ, ಹಾಗೇ ಇದೆ.

"ಬೇಕಂತ ಮತ್ತೆ ಮಡಚಿರಬಹುದಲ್ಲ?" ಎಂದು ಸುರುಳಿಯಕ್ಕ ಅತ್ತೆಗೆ ತುಟಿ ಕಾಣುವಂತೆ ಎದುರು ನಿಂತು ಕೇಳಿ, ಕೈಯಿಂದಲೂ ಮಡಚಿ ತೋರಿಸುತ್ತಾರೆ.

"ಮಕ್ಕಳು ದೊಡ್ಡವರಾಗ್ತಾರೆ ಕಣೇ, ಚಿಕ್ಕವರಾಗ್ತಾರಾ?"

ಕೋಣೆ ನಗುತ್ತದೆ. ಸುರುಳಿಯಕ್ಕ ನಗುವುದಿಲ್ಲ. ಬಸ್ಸು ಮೊದಲು, ಮನೆ ಆಮೇಲೆ. ಅವಳು ವಾಪಸ್ಸಾಗಿದ್ದಾಳೆ. "ನಾನು ಹೇಳಲಿಲ್ವಾ?" ಎಂದು ಗಂಡ ಬಾಯಿ ತೆರೆಯುವಷ್ಟರಲ್ಲಿ ಅವರ ತುಟಿ ಓದಿದ ತಾಯಿ ಗದರುತ್ತಾರೆ: "ನೀನು ಸುಮ್ನಿರು, ಬಾಯಿ ಹಾಕ್ಬೇಡ." ಸೊಸೆಯ ಕಡೆ ತಿರುಗುತ್ತಾರೆ. "ನೀನು ತಿಂಗಳಿಂದ ಬರೀ ಮುಖ ನೋಡ್ಕೊಂಡು ಕೂತಿದೀಯ. ಹೊಲಿಗೆ ನೋಡು. ಹೊಲಿಗೆ."

ಮನೆಯ ಸುರುಳಿ ಮತ್ತೆ ಬರುತ್ತದೆ. ಸುರುಳಿಯಕ್ಕ ಪರದೆಗೆ ಮೂಗು ತಾಗುವಷ್ಟು ಬಗ್ಗುತ್ತಾರೆ. ಇಳಿಸಿದ ಅಂಚಿನ ಹೊಲಿಗೆ ಒಂದು ಉದ್ದ, ಒಂದು ಗಿಡ್ಡ. ಹಾವಿನ ಹಾಗೆ ಮೇಲೆ ಕೆಳಗೆ ಹರಿದಾಡಿದೆ. ಗಂಟು ಒಳಗೆ ಇರಬೇಕಾದ್ದು ಹೊರಗೆ ನೇತಾಡುತ್ತಿದೆ. ಮೂರನೆಯ ಸುರುಳಿಯಲ್ಲಿ ಆ ಹೆಂಡತಿ ಕಿಟಕಿಯ ಹತ್ತಿರ ಕೂತು ಹೊಲಿಯುವ ದೃಶ್ಯವಿದೆ. ಅದನ್ನು ಇವರ ಕೈಯೇ ತೇಪೆ ಹಾಕಿ ಉಳಿಸಿದೆ. ಅವಳ ಹೊಲಿಗೆ ಇರುವೆ ಸಾಲು.

"ಇದು ಅವಳು ಹಾಕಿದ್ದಲ್ಲ," ಎನ್ನುತ್ತಾರೆ ಸುರುಳಿಯಕ್ಕ, ಯಾರಿಗೂ ಅಲ್ಲದೆ. "ಅವಳು ಇಲ್ಲದೆ ಇದ್ದಾಗ ಹಾಕಿದ್ದು. ಆ ಗುಮಾಸ್ತ ಹಾಕಿದ್ದು."

ಯಂತ್ರವನ್ನು ಅವರೇ ಕೈಯಿಂದ ತಿರುಗಿಸುತ್ತಾರೆ, ಮೆಲ್ಲಗೆ. ಚಹಾ ಸುರಿಯುವ ಗಂಡನನ್ನು ಇಷ್ಟು ದಿನ ಯಾರೂ ಸರಿಯಾಗಿ ನೋಡಿರಲಿಲ್ಲ. ಎಲ್ಲರ ಕಣ್ಣು ಅವಳ ನಗುವಿನ ಮೇಲಿತ್ತು. ಅವನು ಲೋಟ ತುಂಬಿ ಚೆಲ್ಲುತ್ತಿರುವುದನ್ನೂ ಗಮನಿಸದೆ ತಲೆ ಎತ್ತಿದ್ದಾನೆ. ಅವಳ ಮುಖ ನೋಡುತ್ತಿದ್ದಾನೆ.

ಸೋಮವಾರ ಬೆಳಗ್ಗೆ ಡಬ್ಬಿಗಳು ಚಳಿ ಬಿಟ್ಟಿವೆ. ಸುರುಳಿಯಕ್ಕ ಬಸ್ಸಿನ ಡಬ್ಬಿಗೆ ಹತ್ತು ಎಂದೂ ಮನೆಯ ಡಬ್ಬಿಗೆ ಹನ್ನೊಂದು ಎಂದೂ ಹೊಸ ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತುತ್ತಾರೆ. ಬೇಸರವೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಹಾಗೆ ಅಂಟಿಸಬಹುದಿತ್ತು, ನಂಗೆ ಇಷ್ಟ ಆದ ಹಾಗೆ. ಎಲ್ಲರೂ ಕೈ ಎತ್ತಿದ್ರಲ್ಲ. ಆದ್ರೆ ಸಿನಿಮಾ ಅದನ್ನ ಮಾಡಿದೋರದು ರೀ, ಅಭಿಪ್ರಾಯ ನಂದು. ಎರಡನ್ನೂ ಒಂದೇ ಗೋಂದಲ್ಲಿ ಅಂಟಿಸಬಾರದು."

ಈಗಿನ ಅಭಿಪ್ರಾಯವೇನು?

ಅವರು ಕೈಗವಸು ಬಿಚ್ಚಿ ಮೇಜಿನ ಮೇಲಿಡುತ್ತಾರೆ. "ಚೆನ್ನಾಗಿದೆ. ಅವಳು ಬಂದಿದ್ದು ಅದೇ ಮನೆಗೆ, ಆದ್ರೆ ಅದೇ ಗಂಡನ ಹತ್ರ ಅಲ್ಲ. ಒಂದೇ ಕೊರತೆ. ಹತ್ತಕ್ಕೂ ಹನ್ನೊಂದಕ್ಕೂ ಮಧ್ಯ ಅವನು ಒಬ್ಬನೇ ಕೂತು ಸೂಜಿಗೆ ದಾರ ಪೋಣಿಸಿರ್ತಾನಲ್ಲ, ನಾಲ್ಕು ಸಲ ಬೆರಳು ಚುಚ್ಕೊಂಡಿರ್ತಾನಲ್ಲ, ಅದನ್ನ ಯಾಕೆ ತೋರಿಸಲಿಲ್ಲ ಆ ಪುಣ್ಯಾತ್ಮರು? ಅಂಥದ್ದೊಂದು ರೀಲು ಯಾವ ಗೋದಾಮಲ್ಲಾದ್ರೂ ಬಿದ್ದಿದ್ರೆ ನನ್ನ ಮೇಜಿಗೇ ಬರಲಿ. ಎಷ್ಟು ಹುಳಿ ಹಿಡಿದಿದ್ರೂ ಪರವಾಗಿಲ್ಲ."