ಖಾಲಿ ತೊಟ್ಟಿಲಿಗೊಂದು ಗುಂಡುಕಲ್ಲು

ಹೋದ ವಾರ ರಾಯಚೂರಿನಿಂದ ಮಗಳ ಫೋನು ಬಂತು. "ಅವ್ವಾ, ನಮ್ಮ ಗುಂಡಕಲ್ಲು ಇನ್ನೂ ಅದ ಏನು? ಇಲ್ಲಿ ಯಾರ ಮನ್ಯಾಗೂ ಸಿಗವಲ್ದು" ಅಂದಳು. ಅವಳ ಮೊಮ್ಮಗನಿಗೆ ಹೆಸರಿಡುವ ಕಾರ್ಯ. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಅದರಲ್ಲಿ ರುಬ್ಬುವ ಗುಂಡುಕಲ್ಲನ್ನು ಮಲಗಿಸುವುದು ನಮ್ಮ ಕಡೆಯ ಪದ್ಧತಿ. ಕಲ್ಲಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಕುಂಚಿಗೆ ತೊಡಿಸಿ, ಕೂಸಿನಂತೆಯೇ ಮಲಗಿಸುತ್ತಾರೆ. ಆಮೇಲೆ ಅದನ್ನು ಎತ್ತಿ ಆ ಜಾಗದಲ್ಲಿ ಕೂಸನ್ನು ಇಡುತ್ತಾರೆ. ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ರಾಯಚೂರಿನಲ್ಲಿ ಈಗ ತೊಟ್ಟಿಲು ಬಾಡಿಗೆಗೆ ಸಿಗುತ್ತದಂತೆ, ಹಾಡು ಹೇಳುವವರೂ ಸಿಗುತ್ತಾರಂತೆ. ಸುತ್ತ ಬರೀ ಕಲ್ಲುಗುಡ್ಡವೇ ಇರುವ ಊರಿನಲ್ಲಿ ಒಂದು ಗುಂಡುಕಲ್ಲಿಗೆ ಬರ ಬಂದಿದೆ.

ಅಡುಗೆಮನೆಯ ಮೂಲೆಯಲ್ಲಿದ್ದ ಕಲ್ಲನ್ನು ಹೊರಗೆ ತಂದು ತೊಳೆದೆ. ಅವ್ವ ಹೋದ ಮೇಲೆ ಮಾನ್ವಿಯ ತವರುಮನೆಯಿಂದ ದೇವದುರ್ಗಕ್ಕೆ ನಾನು ತಂದುಕೊಂಡ ವಸ್ತು ಇದೊಂದೇ. ಬೋರಲು ಹಾಕಿದರೆ ಬುಡದಲ್ಲಿ ಕೆಂಪು ಅರಗಿನ ಕಲೆ ಇನ್ನೂ ಹಾಗೇ ಇತ್ತು. ಎಷ್ಟೋ ವರ್ಷ ಚಟ್ನಿ, ಹೂರಣ, ಖಾರ ಎಲ್ಲ ರುಬ್ಬಿದರೂ ಅದು ಹೋಗಿಲ್ಲ. ಬಡಿಗೇರ ಕಾಕಾನ ಕೈಯ ಬಣ್ಣ ಅದು...

ಮಾನ್ವಿಯ ನಮ್ಮ ಮನೆಯ ಮುಂಬಾಗಿಲು ಬಜಾರಕ್ಕಿತ್ತು, ಹಿತ್ತಲ ಬಾಗಿಲು ಒಂದು ಸಂದಿಗೆ. ಸಂದಿಯ ಆಚೆಯ ಮೊದಲ ಮನೆ ಕಾಕಾನದು. ಅವನು ಜಾತಿಯಿಂದ ಬಡಿಗೇರನಲ್ಲ, ಕಸಬಿನಿಂದ. ಅವನ ಅಪ್ಪನ ಕಾಲಕ್ಕೇ ಆ ಮನೆಯವರು ಕ್ರೈಸ್ತರಾಗಿದ್ದರು. ಹುಡುಗನಿದ್ದಾಗ ಪಾದ್ರಿಗಳು ಇವನಿಗೆ ಮರಗೆಲಸ ಕಲಿಸಿದ್ದರಂತೆ. ಮನೆ ಎಂದರೆ ಒಳಗೆ ಒಂದೇ ಕೋಣೆ, ಹೊರಗೆ ಅದರ ಎರಡರಷ್ಟು ದೊಡ್ಡ ಚಪ್ಪರ. ಕಾಕಾ ಕೆಲಸ ಮಾಡುವುದು ಆ ಚಪ್ಪರದಲ್ಲಿ. ಗರಗಸದ ಸದ್ದು, ಹಸಿ ಸಾಗುವಾನಿಯ ವಾಸನೆ, ಕಾಲಿಗೆ ಸಿಗುವ ಹೊಟ್ಟು... ನಮ್ಮ ಹಿತ್ತಲಿನ ಬದುಕು ಅದರ ಜೊತೆಯಲ್ಲೇ ನಡೆಯುತ್ತಿತ್ತು.

ಬಾಗಿಲು, ಕುಂಟೆ, ಬಂಡಿಯ ನೊಗ ಎಲ್ಲ ಮಾಡುತ್ತಿದ್ದ. ಆದರೆ ಅವನ ಹೆಸರು ನಿಂತದ್ದು ತೊಟ್ಟಿಲಿನ ಮೇಲೆ. ಅವನ ತೊಟ್ಟಿಲಲ್ಲಿ ಮಲಗಿದ ಮಕ್ಕಳು ಉಳಿಯುತ್ತವೆ, ಅವನ ಕೈಗುಣ ಹಾಗೆ ಎಂದು ಜನ ನಂಬಿದ್ದರು. ಗುಂಜಹಳ್ಳಿ, ಮಟಮಾರಿಯಂಥ ದೂರದ ಊರುಗಳಿಂದಲೂ ಬಂಡಿ ಕಟ್ಟಿಕೊಂಡು ಬಂದು ಒಯ್ಯುತ್ತಿದ್ದರು. ಹಿಂದೂಗಳು, ಸಾಬರು, ಎಲ್ಲರೂ. ಒಯ್ದು ಮನೆಯ ಹೊಸ್ತಿಲಲ್ಲಿ ಅದರ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು, ಆ ಮಾತು ಬೇರೆ. ಕಾಕಾ-ಕಾಕಿಗೆ ಮಾತ್ರ ಮಕ್ಕಳಿರಲಿಲ್ಲ. ಅದು ಸಂದಿಗೆಲ್ಲ ಗೊತ್ತಿದ್ದ ಸಂಗತಿ, ಯಾರೂ ಅದನ್ನು ಆಡಿ ತೋರಿಸುತ್ತಿರಲಿಲ್ಲ.

ನಿಜಾಮರ ಆಳ್ವಿಕೆ, ಅದರಲ್ಲೂ ಯುದ್ಧದ ವರ್ಷಗಳು. ನಾನು ಮೂರನೆಯ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಮೊದಲ ಕೂಸು ಹುಟ್ಟುವಾಗಲೇ ಹೋಗಿತ್ತು. ಎರಡನೆಯದು ಅಪ್ಪ ರಾಯಚೂರಿನಿಂದ ತಂದ ಚಂದದ ತೊಟ್ಟಿಲಲ್ಲಿ ತಿಂಗಳು ತುಂಬುವವರೆಗೆ ಇತ್ತು. ಆ ತೊಟ್ಟಿಲನ್ನು ಅಪ್ಪ ಹೊಳೆಗೆ ಬಿಟ್ಟು ಬಂದಿದ್ದರು. ಈ ಸಲ ಹುಟ್ಟಿದ್ದು ಹೆಣ್ಣು, ಅಂಗೈಯಷ್ಟು ಕೂಸು, ಮೊಲೆ ಚೀಪುವ ಕಸುವೂ ಇರಲಿಲ್ಲ. ಇದೂ ಉಳಿಯದಿದ್ದರೆ ಮಗನಿಗೆ ಬೇರೆ ಹೆಣ್ಣು ತರುವುದೆಂದು ದೇವದುರ್ಗದ ಅತ್ತೆಯ ಮನೆಯಲ್ಲಿ ಮಾತಾಗಿತ್ತು. ಜಾಲಹಳ್ಳಿಯಲ್ಲಿ ಒಂದು ಹೆಣ್ಣನ್ನು ನೋಡಿಯೂ ಇಟ್ಟಿದ್ದರು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಆದರೆ ಬಾಣಂತಿಯ ಕಿವಿ ಹತ್ತಿ ಕಟ್ಟಿದರೂ ಚುರುಕಾಗಿರುತ್ತದೆ. "ಈ ಸಲ ತೊಟ್ಟಲಾ ನಮ್ಮ ಬಡಿಗ್ಯಾರ ಕಾಕಾನ ಕಡಿಂದನ ಮಾಡಸೂನು" ಎಂದು ಅವ್ವ ಹಟ ಹಿಡಿದಳು. ಕೂಸು ಹುಟ್ಟಿದ ಮರುದಿನವೇ ಕಾಕಾ ಸಾಗುವಾನಿ ಹಲಗೆ ಕೊಯ್ಯಲು ಕೂತ.

ಬಾಣಂತಿ ಕೋಣೆಯ ಕಿಟಕಿ ಸಂದಿಯ ಕಡೆಗಿತ್ತು. ಗಾಳಿ ಬರಬಾರದೆಂದು ಅದಕ್ಕೆ ಗೋಣಿತಟ್ಟು ಕಟ್ಟಿದ್ದರು. ಲೋಬಾನದ ಹೊಗೆಯಲ್ಲಿ ಕೂತು ಕೂತು ಬೇಸತ್ತಾಗ ನಾನು ಅದರ ತುದಿ ಸರಿಸಿ ಆಚೆ ನೋಡುತ್ತಿದ್ದೆ. ಅದು ಅವರ ಕ್ರಿಸ್‌ಮಸ್ ಹಬ್ಬದ ವಾರ. ಕಾಕಾ ಪ್ರತಿ ವರ್ಷ ಚಪ್ಪರವನ್ನೇ ಸಿಂಗರಿಸುತ್ತಿದ್ದ. ಒಳಗಿನ ಕೋಣೆಯನ್ನು ಬಿಟ್ಟು ಕೆಲಸದ ಜಾಗವನ್ನು ಯಾಕೆ ಸಿಂಗರಿಸುತ್ತಿ ಎಂದು ಅಪ್ಪ ಒಮ್ಮೆ ಕೇಳಿದ್ದರು. "ನಮ್ಮ ಸಾಮಿ ಬೆಳದದ್ದು ಬಡಿಗ್ಯಾನ ಮನ್ಯಾಗರೀ. ಬಂದ್ರ ಮೊದಲ ಇಲ್ಲೇ ಬರ್ತಾನ" ಅಂದಿದ್ದ ಕಾಕಾ.

ಉಳಿ, ಬಾಚಿ, ಗರಗಸ ಎಲ್ಲವನ್ನೂ ಎಣ್ಣೆ ಹಚ್ಚಿ ಒರೆಸಿ ಸುಣ್ಣ ಬಳಿದ ಗೋಡೆಗೆ ಸಾಲಾಗಿ ತೂಗುಹಾಕಿದ. ನಾವು ಮಹಾನವಮಿಗೆ ಮಾಡುವುದನ್ನು ಇವರು ಚಳಿ ಬಿದ್ದ ಮೇಲೆ ಮಾಡುತ್ತಾರೆ ಎಂದು ಅಪ್ಪ ನಗುತ್ತಿದ್ದರು. ರಂದಾ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುವ ಮರದ ಹೊಪ್ಪಳಿಕೆಯನ್ನು ಕಾಕಿ ಒಂದಿಷ್ಟು ಅರಿಶಿನದ ನೀರಿನಲ್ಲಿ, ಒಂದಿಷ್ಟು ಅರಿಶಿನ-ಸುಣ್ಣದ ಕೆಂಪು ನೀರಿನಲ್ಲಿ ಅದ್ದಿ ಒಣಗಿಸಿ ಮಾಲೆ ಪೋಣಿಸಿದಳು. ಹೊಲದಿಂದ ಕಾಯಿ ಒಡೆದ ಒಂದು ಹತ್ತಿ ಗಿಡವನ್ನು ಬೇರುಸಹಿತ ತಂದು ಮಡಕೆಯಲ್ಲಿ ನಿಲ್ಲಿಸಿದ್ದರು. ಬಿದಿರ ಸೀಳಿನ ನಕ್ಷತ್ರಕ್ಕೆ ಬಣ್ಣದ ಹಾಳೆ ಮಾನ್ವಿಯಲ್ಲಿ ಸಿಗದೆ, ಅಪ್ಪ ರಾಯಚೂರಿಗೆ ಹೋದಾಗ ಗಾಳಿಪಟದ ಹಾಳೆ ತಂದುಕೊಟ್ಟಿದ್ದರು. ಹಿಂದಿನ ವರ್ಷ ಅಂಟಿಸಿದ ಗಂಜಿಯ ವಾಸನೆಗೆ ಆಡೊಂದು ಬಂದು ನಕ್ಷತ್ರವನ್ನೇ ತಿಂದು ಹೋಗಿತ್ತು. ಹಾಗಾಗಿ ಈ ಸಲ ಅದನ್ನು ಎತ್ತರಕ್ಕೆ ಕಟ್ಟಿದರು. ನಕ್ಷತ್ರದ ಕೆಳಗೆ, ಚಪ್ಪರದ ನಡುತೊಲೆಗೆ, ನನ್ನ ಕೂಸಿನ ತೊಟ್ಟಿಲನ್ನು ತೂಗುಹಾಕಿದ.

ಇದೂ ಅವನ ಪ್ರತಿ ವರ್ಷದ ರೂಢಿಯೇ. ಹಬ್ಬಕ್ಕೆ ಯಾವ ತೊಟ್ಟಿಲು ಕೈಯಲ್ಲಿರುತ್ತದೋ ಅದನ್ನು ಕಟ್ಟುವುದು, ಕತ್ತಲಾದ ಮೇಲೆ ಅವರ ಮಂದಿ ಬಂದು ಹಾಡುವುದು, ಹಾಡು ಮುಗಿದಾಗ ಅದರಲ್ಲಿ ಒಂದು ಬಟ್ಟೆಯ ಕೂಸನ್ನು ಮಲಗಿಸುವುದು. ಬೇರೆಯವರ ತೊಟ್ಟಿಲು ಕಟ್ಟಿದಾಗ ನಮಗೇನೂ ಅನ್ನಿಸಿರಲಿಲ್ಲ. ಈ ಸಲ ಹಬ್ಬದ ಮಾರನೆಯ ದಿನವೇ ತೊಟ್ಟಿಲು ನಮ್ಮ ಮನೆಗೆ ಬರಬೇಕು, ಅದರ ಮರುದಿನ ಹೆಸರಿಡುವುದು.

ಹಬ್ಬದ ಸಂಜೆಯೇ ದೇವದುರ್ಗದಿಂದ ಅತ್ತೆ ಬಂದಿಳಿದರು. ಕಾಲು ತೊಳೆಯಲು ಹಿತ್ತಲಿಗೆ ಹೋದವರು ಚೆಂಬು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟರು. ನಾನೂ ಕಿಟಕಿಯಿಂದ ನೋಡಿದೆ. ಚಳಿಗಾಳಿ ಬೀಸುತ್ತಿತ್ತು. ನಕ್ಷತ್ರದ ಕೆಳಗೆ ಖಾಲಿ ತೊಟ್ಟಿಲು ಅತ್ತ ಇತ್ತ ತೂಗುತ್ತಿತ್ತು.

ಖಾಲಿ ತೊಟ್ಟಿಲನ್ನು ತೂಗಬಾರದು. ತೂಗಿದರೆ ಮಲಗಬೇಕಾದ ಕೂಸಿಗೆ ಆಗಿಬರುವುದಿಲ್ಲ. ನಮ್ಮಲ್ಲಿ ಇದನ್ನು ಯಾರಿಗೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಮಡಿಲಲ್ಲಿದ್ದ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿಕೊಂಡೆ.

"ಯಾರ ತೊಟ್ಟಲಾ ಅದು?" ಅತ್ತೆ ಕೇಳಿದರು. ಅವ್ವ ಬಾಣಂತಿ ಕೋಣೆಯ ಕಡೆ ನೋಡಿದಳು. ಅದೇ ಉತ್ತರವಾಯಿತು.

"ಮಕ್ಕಳಿಲ್ಲದವನ ಮನ್ಯಾಗ ನಮ್ಮ ಕೂಸಿನ ತೊಟ್ಟಲಾ ಬರಿದ ತೂಗಾಕತ್ತದ. ಅದು ಈ ಮನಿಗೆ ಬಂದ್ರ ನಾ ಕಾರ್ಯಾಕ್ಕ ಕುಂದ್ರಂಗಿಲ್ಲ. ಬಂಡಿ ಹೂಡಸ್ತೀನಿ" ಅಂದರು ಅತ್ತೆ. ಮಾತು ಸಂದಿಯ ಆಚೆಗೂ ಕೇಳಿಸಿರಬೇಕು. ಕಾಕಾ ಓಡಿ ಹೋಗಿ ತೊಟ್ಟಿಲನ್ನು ಕೈಯಿಂದ ಹಿಡಿದು ನಿಲ್ಲಿಸಿದ. ಹಿಡಿದವನು ಬಿಡಲೇ ಇಲ್ಲ.

ಅತ್ತೆ ಹಾಗೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಅವನ ಗತಿಯೂ ಅಷ್ಟೆ. ಆ ಕೂಸಿಗೆ ಏನಾದರೂ ಆಗಿದ್ದರೆ ಮುಂದೆ ಯಾರೂ ಅವನ ಕಡೆ ತೊಟ್ಟಿಲು ಮಾಡಿಸುತ್ತಿರಲಿಲ್ಲ. ಕೈಗುಣ ಅನ್ನುವುದು ಹೋಗಲು ಒಂದು ಮಾತು ಸಾಕು.

ಅವ್ವ ಸಂದಿ ದಾಟಿ ಹೋದಳು. ಕಾಕಾ ತೊಟ್ಟಿಲು ಹಿಡಿದುಕೊಂಡೇ ಹೇಳಿದ. "ಯವ್ವಾ, ಕೆಡಕ ಬಯಸಿ ಕಟ್ಟಿಲ್ಲ. ನಮ್ಮಲ್ಲಿ ಕೂಸು ಬರೂತನಕ ತೊಟ್ಟಲಾ ಖಾಲಿನ ಇಡ್ತೀವಿ. ದಾರಿ ಕಾಯೂದು ಅದು."

"ನಿಮ್ಮಲ್ಲಿ ದಾರಿ ಕಾಯ್ತಾರ, ನಮ್ಮಲ್ಲಿ ಅಂಜತಾರ" ಅಂದಳು ಅವ್ವ. ಆಮೇಲೆ ತಿರುಗಿ ಮನೆಗೆ ಬಂದು, ಅತ್ತೆಯ ಮುಂದೆಯೇ ಅಡುಗೆಮನೆಗೆ ಹೋಗಿ, ಒಳಕಲ್ಲಿನಿಂದ ಗುಂಡುಕಲ್ಲನ್ನು ಎತ್ತಿ ಸೊಂಟದ ಮೇಲೆ ಇಟ್ಟುಕೊಂಡು ಹೊರಟಳು. ನಮ್ಮ ಅಡುಗೆಮನೆಯ ಸಾಮಾನು ಆ ಮನೆಗೆ ಹಿಂದೆಂದೂ ಹೋಗಿರಲಿಲ್ಲ. ಅವ್ವ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, "ಈಗ ಖಾಲಿ ಇಲ್ಲ. ತೂಗ್ರಿ ಬೇಕಾದ್ರ" ಅಂದಳು.

ಕಾಕಾ ಕಲ್ಲನ್ನು ನೋಡಿದ, ಅವ್ವನನ್ನು ನೋಡಿದ. ಅವರ ಮಂದಿ ಇನ್ನೇನು ಬರುವ ಹೊತ್ತು. ಸಾಮಿಯ ತೊಟ್ಟಿಲಲ್ಲಿ ಕಲ್ಲು ಯಾಕೆ ಎಂದು ಅವರ ಹಿರಿಯರು ಕೇಳಿದರೆ ಅವನು ಏನು ಹೇಳಬೇಕು? "ಸಾಮಿ ಹುಟ್ಟಿದ್ದ ದನದ ಕೊಟಗ್ಯಾಗ. ಒಂದ ರಾತ್ರಿ ಕಲ್ಲಿನ ಮಗ್ಗಲಾಗ ಮಲಗಿದ್ರ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ" ಅಂದ. ಕಾಕಿ ಕಲ್ಲಿನ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿದಳು. ಸೀಮೆಎಣ್ಣೆ ಸಿಗದ ಕಾಲ, ಶೇಂಗಾ ಎಣ್ಣೆಯ ಎರಡು ಹಣತೆಯ ಬೆಳಕಿನಲ್ಲಿ ಹೆಚ್ಚೇನೂ ಕಾಣುತ್ತಿರಲಿಲ್ಲ. ಹಾಡುವವರು ಬಂದರು, ದಪ್ಪು ಬಾರಿಸುತ್ತ ಹಾಡಿದರು. ಆ ಹಾಡಿಗೋ ಏನೋ, ನನ್ನ ಕೂಸು ಆ ಹೊತ್ತು ಸರಿಯಾಗಿ ಮೊಲೆ ಹಿಡಿಯಿತು. ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ಹಸಿವೆಯಾಗಿರಬೇಕು. ಆದರೆ ನನಗೆ ಅಳು ಬಂತು.

ಬೆಳಿಗ್ಗೆ ನೋಡಿದರೆ ಕಲ್ಲು ತೊಟ್ಟಿಲಿಗೆ ಅಂಟಿಕೊಂಡಿತ್ತು. ತೊಟ್ಟಿಲ ತಳಕ್ಕೆ ಬಳಿದಿದ್ದ ಕೆಂಪು ಅರಗಿನ ಬಣ್ಣ ಚಳಿಗೆ ಇನ್ನೂ ಆರಿರಲಿಲ್ಲ. ಕಾಕಾ ಮೆಲ್ಲಗೆ ಉಳಿ ಹಾಕಿ ಬಿಡಿಸಿ ತಂದುಕೊಟ್ಟ. ಕಲ್ಲಿಗೆ ಕೆಂಪು ಹತ್ತಿತ್ತು, ತೊಟ್ಟಿಲ ನಟ್ಟನಡುವೆ ಬಣ್ಣ ಕಿತ್ತು ಒಂದು ದುಂಡನೆಯ ಗುರುತು ಉಳಿದಿತ್ತು. ಹೊಸ ತೊಟ್ಟಿಲು ಹೀಗಾಯಿತಲ್ಲ ಎಂದು ಅವನ ಮುಖ ಸಣ್ಣದಾಗಿತ್ತು. "ಕೆರದು ಮತ್ತೊಂದು ಕೈ ಹಚ್ಚಿ ಕೊಡ್ತೀನ್ರಿ" ಅಂದ.

ಅತ್ತೆ ಬಗ್ಗಿ ಆ ಗುರುತಿನ ಮೇಲೆ ಕೈಯಾಡಿಸಿದರು. ತುಂಬ ಹೊತ್ತು ಆಡಿಸಿದರು. "ಬ್ಯಾಡ. ಕಲ್ಲು ಮಲಗಿದ ಜಾಗಾ ಅದ. ಅದರ ಮ್ಯಾಲೆನ ಮಲಗಲಿ" ಅಂದರು. ಎರಡು ಮೊಮ್ಮಕ್ಕಳನ್ನು ಕಳೆದುಕೊಂಡವರು ಅವರೂ ಅಲ್ಲವೇ ಎಂದು ನನಗೆ ಹೊಳೆದದ್ದು ಆವಾಗಲೇ. ಆ ಕಲ್ಲನ್ನು ಅವ್ವ ತೊಳೆದು ವಿಭೂತಿ ಹಚ್ಚಿ ಒಳಕಲ್ಲಿಗೇ ಇಟ್ಟಳು. ಅದರಲ್ಲಿ ರುಬ್ಬಿದ ಹೂರಣದ ಹೋಳಿಗೆಯನ್ನು ಅತ್ತೆ ಕೇಳಿ ಹಾಕಿಸಿಕೊಂಡು ಉಂಡರು.

ಹೆಸರಿಡುವ ದಿನ ಕಾಕಾ-ಕಾಕಿ ಹಿತ್ತಲ ಬಾಗಿಲ ಹೊರಗೆ ನಿಂತು ನೋಡಿದರು. ಅವ್ವ ಎಲೆಯಲ್ಲಿ ಹೋಳಿಗೆ ಕಟ್ಟಿ ಕೊಟ್ಟಳು. ಒಳಗೆ ಬರ್ರಿ ಎಂದು ಯಾರೂ ಅನ್ನಲಿಲ್ಲ. ಆಗ ಅದು ಕಣ್ಣಿಗೆ ಬೀಳಲೇ ಇಲ್ಲ. ಈಗ ನೆನೆದರೆ ಸಂಕಟವಾಗುತ್ತದೆ.

ಕೂಸು ಉಳಿಯಿತು. ಹೋದ ವಾರ ಫೋನು ಮಾಡಿದವಳು ಅವಳೇ. ಜಾಲಹಳ್ಳಿಯ ಹೆಣ್ಣು ಬೇರೆ ಮನೆ ಸೇರಿ ಸುಖವಾಗಿದ್ದಳೆಂದು ಕೇಳಿದೆ. ಮುಂದಿನ ವರ್ಷದಿಂದ ಹಬ್ಬ ಬಂತೆಂದರೆ ಕಾಕಿ ಹಿತ್ತಲ ಬಾಗಿಲಿಗೆ ಬಂದು "ಕೂಸಿನ ಕೊಡ್ರಿ" ಅನ್ನುತ್ತಿದ್ದಳು, ಅವ್ವ ಕಲ್ಲು ತೊಳೆದು ಕೊಡುತ್ತಿದ್ದಳು. ತೊಟ್ಟಿಲು ಮಾಡಿಸುವವರು ಬಾರದ ವರ್ಷ ಹೊಪ್ಪಳಿಕೆಯ ರಾಶಿಯಲ್ಲೇ ಅದನ್ನು ಮಲಗಿಸುತ್ತಿದ್ದರಂತೆ. ನಮ್ಮ ತೊಟ್ಟಿಲು ನನ್ನ ಮಕ್ಕಳ ನಂತರ ಅವರಿಗೆ ಇವರಿಗೆ ಎಂದು ಊರೂರು ತಿರುಗಿ ಎಲ್ಲೋ ಉಳಿದುಬಿಟ್ಟಿತು...

ಕಾಕಾ ತೀರಿಕೊಂಡಾಗ ನಾನು ದೇವದುರ್ಗದಲ್ಲಿದ್ದೆ. ಸುದ್ದಿ ಬಂದದ್ದು ಮಣ್ಣಾದ ಮೇಲೆ. ಕಾಕಿ ಮಟಮಾರಿಯ ಕಡೆ ತಮ್ಮನ ಮನೆಗೆ ಹೋದಳು, ಚಪ್ಪರ ಬಿಚ್ಚಿದರು. ಆ ವರ್ಷ ಹಬ್ಬದ ದಿನ ಅವ್ವ ಯಾವಾಗಿನಂತೆ ಕಲ್ಲು ತೊಳೆದು ಹಿತ್ತಲ ಕಟ್ಟೆಯ ಮೇಲೆ ಇಟ್ಟಿದ್ದಳಂತೆ. ಕತ್ತಲಾಗುವವರೆಗೆ ನೋಡಿ, ಒಳಗೆ ತಂದಿಟ್ಟುಕೊಂಡಳಂತೆ.

ನಿನ್ನೆ ಮಗಳ ಮಗ, ಆ ಕೂಸಿನ ತಂದೆ, ರಾಯಚೂರಿನಿಂದ ಗಾಡಿಯ ಮೇಲೆ ಬಂದ. ಕಲ್ಲನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಕೊಟ್ಟು, "ಬುಡದಾಗ ಕೆಂಪು ಅದ. ಅದನ್ನ ತಿಕ್ಕಿ ತಗೀಬ್ಯಾಡ್ರಿ" ಅಂದೆ. ಆಗಲಿ ಅಂದ. ಯಾಕೆ ಎಂದು ಕೇಳಲಿಲ್ಲ. ಅವನು ಹೋದ ಮೇಲೆ ಬಾಗಿಲ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಚಳಿ ಬಿದ್ದಿದೆ, ಕಾಕಾನ ಹಬ್ಬ ಹತ್ತಿರ ಬಂದಿದೆ. ಎಷ್ಟೋ ವರ್ಷಗಳ ಮೇಲೆ ಈ ಸಲ ಕಲ್ಲನ್ನು ಕೇಳಿಕೊಂಡು ಒಬ್ಬರು ಬಂದಿದ್ದರು.