ಮರುಳಪ್ಪ ಮೇಷ್ಟ್ರು ಉಳಿಸಿಕೊಂಡ ಚಿಪ್ಪು

ಮರುಳಪ್ಪ ಮೇಷ್ಟ್ರು ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕುವ ಮೊದಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಅಟ್ಟದಿಂದ ಇಳಿಸಿದ ಕಾಯಿಯಲ್ಲಿ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ನಮ್ಮ ಕಡೆಯವರು ನೋಡುವುದು ಹಾಗೆ. ಕಲಿಯಲು ಬಂದ ಹುಡುಗಿಯರು ನಕ್ಕರೆ, "ನಗ್ರಮ್ಮ, ನಗ್ರಿ. ಅಭ್ಯಾಸ ಬುಡಾಕಾಯ್ತದಾ?" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ತಿಪಟೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವರೂ ನಾನೂ ಪಾಠ ಮಾಡುತ್ತಿದ್ದೆವು. ದೊಡ್ಡ ಫೈಲನ್ನು ಕುಗ್ಗಿಸಿ, ಬೇಕಾದಾಗ ಬಿಚ್ಚುವ ಸಿದ್ಧ ಕೋಡಿನ ಲೈಬ್ರರಿಯೊಂದು ಅವರಿಗೆ ಪಂಚಪ್ರಾಣ. ಅದನ್ನು ಬಳಸುವ ಬಗೆ ತೋರಿಸಲು ಜೊತೆಗೇ ಬಂದಿದ್ದ ಪುಟ್ಟ ಉದಾಹರಣೆ ಪ್ರೋಗ್ರಾಂಗಳನ್ನು ಬೋರ್ಡಿನ ಮೇಲೆ ಬರೆದು ಬಿಡಿಸಿ ಹೇಳುತ್ತಿದ್ದರು. ಕುಗ್ಗಿಸಿದ ಕೂಡಲೇ ಮೂಲ ಫೈಲನ್ನು ಅಳಿಸುವ ಒಂದು ಸಾಲನ್ನು ಮಾತ್ರ ತಾವೇ ಸೇರಿಸಿದ್ದರು. ಯಾಕೆಂದು ಹುಡುಗರು ಕೇಳಿದರೆ ಒಂದೇ ಉತ್ತರ:

"ಕೊಬ್ರಿ ಕೈಗೆ ಬಂದ್ಮೇಲೆ ಚಿಪ್ಪು ಒಲೆಗೆ. ಯಾವನಾದ್ರೂ ಚಿಪ್ಪಿಟ್ಕೊಂಡು ಪೂಜೆ ಮಾಡ್ತಾನೇನ್ಲಾ?"

ಅವರ ಹೆಂಡತಿ ಗಿರಿಜಕ್ಕ ಒಮ್ಮೆ ಸಂತೆಗೆ ಬಂದವರು ಊಟದ ಡಬ್ಬಿ ಕೊಡಲು ಒಳಗೆ ಬಂದರು. ಮೇಷ್ಟ್ರು ಕಂಪ್ಯೂಟರಿನ ಹೊಸ ಮೈಕನ್ನು ಕೈಗೆ ಕೊಟ್ಟು ಮಾತಾಡಿಸಿ, ದನಿ ಮುದ್ರಿಸಿಕೊಂಡರು. ಮೊದಲು ನಾಚಿದ ಆಕೆ ಆಮೇಲೆ ನಿಲ್ಲಿಸಲೇ ಇಲ್ಲ. ಅತ್ತೆ, ಎಮ್ಮೆ, ಮೇಷ್ಟ್ರ ಗೊರಕೆ ಎಲ್ಲವೂ ಬಂತು. ಮರುವರ್ಷ ಜ್ವರದಲ್ಲಿ ಗಿರಿಜಕ್ಕ ತೀರಿಕೊಂಡರು. ದನಿಯ ಆ ಫೈಲು ಉಳಿಯಿತು. ಪಾಠ ಮುಗಿದ ಮೇಲೆ ಮೇಷ್ಟ್ರು ಅದನ್ನೊಮ್ಮೆ ಕೇಳಿಯೇ ಮನೆಗೆ ಹೋಗುತ್ತಿದ್ದರು. ಫ್ಲಾಪಿಯಲ್ಲಿ ಹಿಡಿಯದಷ್ಟು ದೊಡ್ಡದಾದ್ದರಿಂದ ಬೇರೆ ಪ್ರತಿ ಇರಲಿಲ್ಲ.

ಕಂಪ್ಯೂಟರಿನಲ್ಲಿ ಜಾಗ ತುಂಬುತ್ತಾ ಬಂದಾಗ ಅದನ್ನೂ ತಮ್ಮ ಪ್ರೋಗ್ರಾಂಗೆ ಕೊಟ್ಟು ಕುಗ್ಗಿಸಿದರು. ಜಾಗ ಸಾಲದೆ ಕುಗ್ಗಿಸಿದ ಪ್ರತಿಯನ್ನು ಬರೆಯುವುದು ನಡುವೆಯೇ ನಿಂತಿತ್ತು. ಬರಿಯ ಉದಾಹರಣೆಗೆಂದು ಬರೆದ ಪ್ರೋಗ್ರಾಂ ಅದನ್ನು ಗಮನಿಸುವಂತಿರಲಿಲ್ಲ. ಮೇಷ್ಟ್ರ ಸಾಲು ತನ್ನ ಕೆಲಸ ಮಾಡಿ ಮೂಲವನ್ನು ಅಳಿಸಿತ್ತು. ಬಿಚ್ಚಿ ಹಾಕಿದಾಗ ಗಿರಿಜಕ್ಕನ ದನಿ, "ಏನ್ರೀ, ಇದ್ರಾಗೆ ಏನಂತ ಮಾತಾಡ್ಲಿ?" ಎಂದಿತು. ಮುಂದೆ ಏನೂ ಇರಲಿಲ್ಲ. ಅಳಿಸಿದ್ದನ್ನು ಮರಳಿ ತರಲು ನಾನು ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

"ಅಷ್ಟೇ ಉಳೀತು ಕಣಮ್ಮ," ಎಂದರು ಮೇಷ್ಟ್ರು, ಬಸ್ಸು ಹೋಯಿತು ಅನ್ನುವ ದನಿಯಲ್ಲಿ. ಬೋರ್ಡು ಒರೆಸಿ ಮುಂದಿನ ಪಾಠಕ್ಕೆ ನಿಂತರು. ನನಗೂ ಅಳು ಬರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ ಮನಸ್ಸು ಸುಮ್ಮನೆ ಇತ್ತು, ಈಗ ನೆನೆದರೂ ಹಾಗೇ ಇರುತ್ತದೆ. ಅಂದಿನಿಂದ ಬೋರ್ಡಿನ ಮೇಲೆ ಆ ಸಾಲು ಕಾಣಲಿಲ್ಲ, ಚಿಪ್ಪಿನ ಮಾತೂ ಕೇಳಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಶೆಟ್ಟಿಕೆರೆಯ ಅವರ ಮನೆಯಲ್ಲಿ. ಆ ಹೊತ್ತಿಗೆ ಕೇಂದ್ರ ಮುಚ್ಚಿತ್ತು. ಅಂಗಳದಲ್ಲಿ ಕೂತು ಕಾಯಿ ಒಡೆಯುತ್ತಿದ್ದವರು ನನ್ನ ಕೈಗೊಂದು ಕೊಬ್ಬರಿ ಇಟ್ಟರು. ಹಿಂದಿನ ಗೋಡೆಗೆ ಕಿಟಕಿಯೆತ್ತರ ಚಿಪ್ಪಿನ ರಾಶಿ ಒರಗಿತ್ತು. ಅಡಿಯವು ಮಳೆಗೆ ನೆಂದು ಕಪ್ಪಾಗಿದ್ದವು.

"ಒಲೆಗೆ ಹಾಕೋದಲ್ವಾ ಸಾರ್?" ಎಂದೆ.

ಮೇಷ್ಟ್ರು ಇನ್ನೊಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಅಲುಗಾಡಿಸಿದರು.

"ಇರ್ಲಿ ಬುಡಮ್ಮ. ಹಾಕಿದ್ರೆ ಹೋಯ್ತು."