ಗರಗಸದ ನಾಡಿ ಹಿಡಿಯುತ್ತಿದ್ದವರು

ಕೆಲಸದ ನಡುವೆ ಕೈ ನಿಲ್ಲಿಸುವ ಅಭ್ಯಾಸ ನನಗಿಲ್ಲ. ನರ್ಸ್ ಆಗಿ ದುಡಿದ ವರ್ಷಗಳು ಕಲಿಸಿದ್ದು ಅದು. ಹಿಡಿದದ್ದನ್ನು ಮುಗಿಸಿಯೇ ತಲೆ ಎತ್ತಬೇಕು. ಆದರೆ ಹೋದ ವಾರ, ಗೆದ್ದಲು ಹಿಡಿದ ಕಿಟಕಿಯ ಚೌಕಟ್ಟನ್ನು ಬದಲಿಸಲು ಬಂದ ಬಡಗಿ ಹಿತ್ತಲಲ್ಲಿ ಹಲಸಿನ ತುಂಡಿಗೆ ಗರಗಸ ಇಟ್ಟಾಗ, ಹಳದಿ ಪುಡಿಯ ಜೊತೆ ಆ ಸಿಹಿಯಾದ, ತುಸು ಹುಳಿ ಬೆರೆತ ವಾಸನೆ ಒಳಗೆ ಬಂತು. ಮಡಿಸುತ್ತಿದ್ದ ದುಪ್ಪಟಿ ಕೈಯಲ್ಲೇ ಉಳಿಯಿತು. ಸಾಹೇಬರು ನಮ್ಮ ಮನೆಗೆ ಬಂದಾಗಲೆಲ್ಲ ಅವರ ಅಂಗಿಯಿಂದ ಬರುತ್ತಿದ್ದ ವಾಸನೆ ಇದೇ…

ಹುಣಸೂರಿನಲ್ಲಿ ನಮ್ಮ ಮನೆಯ ಹಿಂಬದಿಗೆ ಮರ ಕುಯ್ಯುವ ಒಂದು ಸಾಮಿಲ್ ಇದೆ. ಕೊಡಗಿನ ಕಡೆಯಿಂದ ಸಿಲ್ವರ್ ಓಕ್, ಹಾರನಹಳ್ಳಿ ಕಡೆಯ ಹೊಲಗಳಿಂದ ಹಲಸು, ಬೇವು ಅಲ್ಲಿಗೆ ಬರುತ್ತವೆ. ಬಟ್ಟೆ ಒಣಗಿಸಲು ತಾರಸಿಗೆ ಹೋದರೆ ಮಿಲ್ಲಿನ ಶೆಡ್ಡಿನೊಳಗೆ ನಡೆಯುವುದೆಲ್ಲ ಕಾಣುತ್ತದೆ. ಅಲ್ಲಿ ಮಿಷಿನ್ನಿನ ಮುಂದೆ ನಿಲ್ಲುತ್ತಿದ್ದ ಹಿರಿಯರನ್ನು ಬೀದಿಯವರೆಲ್ಲ ಸಾಹೇಬರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಅವರಿಗೆ ನಾನು ಸಿಸ್ಟರಮ್ಮ.

ಹುಡುಗನಾಗಿದ್ದಾಗಿನಿಂದ ಗರಗಸದ ಪಕ್ಕದಲ್ಲೇ ನಿಂತು ನಿಂತು ಅವರ ಕಿವಿ ಹೋಗಿತ್ತು. ಮುಖಕ್ಕೆ ಮುಖ ಕೊಟ್ಟು ಕೂಗಿದರೆ ಅರ್ಧ ಮಾತು ತಲುಪುತ್ತಿತ್ತು, ಉಳಿದರ್ಧವನ್ನು ತುಟಿ ನೋಡಿ ಊಹಿಸುತ್ತಿದ್ದರು. ಆದರೂ ಅವರ ಹತ್ತು ಬೆರಳೂ ನೆಟ್ಟಗಿದ್ದವು. ಆ ಕಸುಬಿನಲ್ಲಿ ಅದು ಸಣ್ಣ ವಿಷಯವಲ್ಲ.

ಅದಕ್ಕೆ ಕಾರಣ ಅವರ ಒಂದು ರೂಢಿ. ಬ್ಲೇಡಿನ ಹತ್ತಿರ ಸಿಕ್ಕಿಕೊಂಡ ಚಕ್ಕೆ ತೆಗೆಯುವ ಮೊದಲು ಮಿಷಿನ್ ನಿಲ್ಲಿಸಿ, ಬಗ್ಗಿ, ಅದರ ಕಬ್ಬಿಣದ ಚೌಕಟ್ಟಿನ ಮೇಲೆ ಎಡಗೈ ಅಂಗೈಯನ್ನು ಒತ್ತಿ ಇಡುತ್ತಿದ್ದರು. ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು ಹಾಗೇ ಇದ್ದು, ಆಮೇಲೆ ಬಲಗೈ ಚಾಚುತ್ತಿದ್ದರು. ಸ್ವಿಚ್ ಆರಿಸಿದರೂ ಅದರ ದೊಡ್ಡ ಚಕ್ರಗಳು ಓಡಿದ ಓಟದಲ್ಲೇ ಬಹಳ ಹೊತ್ತು ತಿರುಗುತ್ತವಂತೆ. ಓಡುವ ಬ್ಲೇಡು ನೋಡುವುದಕ್ಕೆ ನಿಂತ ಬ್ಲೇಡಿನ ಹಾಗೇ ಕಾಣುತ್ತದಂತೆ. ಕೆಲಸದ ಹುಡುಗರು ಸಾಹೇಬರು ಮಿಷಿನ್ನಿಗೆ ಸಲಾಂ ಹೊಡೆಯುತ್ತಾರೆ ಎಂದು ನಗುತ್ತಿದ್ದರು. ಒಮ್ಮೆ ನಾನೂ ಕೂಗಿ ಕೇಳಿದೆ.

“ನಾಡಿ ನೋಡ್ತೀನಿ ಸಿಸ್ಟರಮ್ಮ,” ಅಂದರು. “ನಾಡಿ ನಿಂತ ಮೇಲೆ ನಾನು ಮುಟ್ಟೋದು. ನಿಮ್ದು ಉಲ್ಟಾ. ನಿಂತ ಮೇಲೆ ಕೈ ಬುಡ್ತೀರಿ.”

ಮಿಲ್ಲು ಅವರ ತಮ್ಮನ ಮಗನ ಕೈಗೆ ಬಂದ ಮೇಲೆ ತೊಂದರೆ ಶುರುವಾಯಿತು. ಒಂದು ದಿನ ಲಾರಿಯಿಂದ ಇಳಿಸುತ್ತಿದ್ದ ದಿಮ್ಮಿ ಜಾರಿ ಉರುಳಿತು. ಎಲ್ಲರೂ ಕೂಗಿದರು. ಬೆನ್ನು ತಿರುಗಿಸಿ ನಿಂತಿದ್ದ ಸಾಹೇಬರಿಗೆ ಕೇಳಿಸಲಿಲ್ಲ. ದಿಮ್ಮಿ ಅವರ ಹಿಮ್ಮಡಿಯ ಪಕ್ಕದಲ್ಲೇ ಹಾದು ಹೋಯಿತು. ಅಂದು ಸಂಜೆ ಆ ತಮ್ಮನ ಮಗ ನಮ್ಮ ಮನೆಗೇ ಬಂದ.

“ನೀವೇ ಹೇಳಿ ಸಿಸ್ಟರಮ್ಮ. ಕಿವಿ ಕೇಳೋ ಹಂಗೆ ಮಾಡ್ಕೊಂಡು ಬರ್ಲಿ, ಇಲ್ಲಾಂದ್ರೆ ಮನೇಲಿ ಇರ್ಲಿ. ದೊಡ್ಡಪ್ಪಂಗೆ ನನ್ ಮಿಲ್ಲಲ್ಲೇ ಏನಾದ್ರೂ ಆದ್ರೆ ನಾನ್ ಯಾರಿಗೆ ಮುಖ ತೋರಿಸ್ಲಿ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಗರಗಸದ ಮುಂದೆ ನಿಲ್ಲದ ದಿನ ಸಾಹೇಬರಿಗೆ ಅನ್ನವೇ ಸೇರುತ್ತಿರಲಿಲ್ಲ. ಮರುವಾರವೇ ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ಎರಡೂ ಕಿವಿಗೆ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಡಿಜಿಟಲ್ ಯಂತ್ರಗಳು ಬಂದವು. ಅವನ್ನು ಫೋನಿಗೆ ಜೋಡಿಸಿದ್ದರು. ಸದ್ದು ಹೆಚ್ಚು ಕಡಿಮೆ ಮಾಡಬೇಕಾದರೆ ಮೈಸೂರಿಗೆ ಓಡಬೇಕಾಗಿರಲಿಲ್ಲ. ಅಲ್ಲಿನ ಕಿವಿ ಕ್ಲಿನಿಕ್ಕಿನ ಹುಡುಗಿ ವಿಡಿಯೊ ಕಾಲಿನಲ್ಲಿ ಮಾತಾಡುತ್ತಲೇ ಕೂತಲ್ಲಿಂದ ಸರಿಪಡಿಸುತ್ತಿದ್ದಳು. ಯಂತ್ರಗಳನ್ನು ದಿನವೂ ಒರೆಸುವುದು, ರಾತ್ರಿ ತೆಗೆದಿಡುವುದು, ಕಿವಿ ತೇವವಿದ್ದಾಗ ಹಾಕದಿರುವುದು, ಇವನ್ನೆಲ್ಲ ನಾನು ಹೇಳಿಕೊಟ್ಟೆ. ಅವರು ಚಾಚೂ ತಪ್ಪದೆ ಮಾಡಿದರು. ಅಂಥ ರೋಗಿಗಳು ನನಗೆ ಆಸ್ಪತ್ರೆಯಲ್ಲೂ ಕಡಿಮೆ ಸಿಕ್ಕಿದ್ದರು.

ಮೊದಲ ದಿನಗಳಲ್ಲಿ ಅವರ ಮುಖ ನೋಡಬೇಕಿತ್ತು. ತಮ್ಮ ಚಪ್ಪಲಿಗೂ ಸದ್ದಿದೆ ಎಂದು ನಿಂತು ನಿಂತು ನಡೆಯುತ್ತಿದ್ದರು. ನಮ್ಮ ಜಗಲಿಯಲ್ಲಿ ಕೂತು ನನ್ನ ಮಾತು ಕೇಳಿ ಹುಬ್ಬು ಗಂಟಿಕ್ಕಿದರು.

“ಇಷ್ಟು ವರ್ಷ ಇಷ್ಟು ಜೋರಾಗಿ ಮಾತಾಡ್ತಿದ್ರಾ ನೀವು?”

“ನಿಮಗೋಸ್ಕರ ಕಣ್ರೀ.”

“ಪಾಪ, ನಿಮ್ಮ ಮನೆಯವ್ರು,” ಅಂದರು.

ಆ ಮಳೆಗಾಲದ ಒಂದು ಮಧ್ಯಾಹ್ನ ನನಗೆ ಮೊದಲು ಅನುಮಾನ ಬಂತು. ಜಗಲಿಯ ತಗಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಸಾಹೇಬರು ರಸ್ತೆಗೆ ಬೆನ್ನು ಹಾಕಿ ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, “ಮಳೆ ನಿಂತೋಯ್ತಲ್ಲ, ಬತ್ತೀನಿ,” ಎಂದು ಎದ್ದರು.

ನಾನು ತಮಾಷೆ ಎಂದುಕೊಂಡೆ. ಅವರು ತಿರುಗಿ, ಸುರಿಯುತ್ತಿದ್ದ ನೀರನ್ನು ಕಂಡು, ತಾವೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮಾತು ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ತಲೆಯ ಮೇಲಿನ ಮಳೆ ಕೇಳುತ್ತಿರಲಿಲ್ಲ.

ಅಲ್ಲೇ ಕೂರಿಸಿ ಮೈಸೂರಿನ ಹುಡುಗಿಗೆ ಫೋನ್ ಹಚ್ಚಿಸಿದೆ. ಅವಳು ಸಮಾಧಾನವಾಗಿ ವಿವರಿಸಿದಳು. ಯಂತ್ರ ಕೆಟ್ಟಿಲ್ಲ, ಸರಿಯಾಗಿಯೇ ಇದೆ. ಒಂದೇ ಸಮನೆ ಬರುವ ಸದ್ದು ಬೇಡದ ಸದ್ದು ಎಂದು ಅದು ತಿಳಿದುಕೊಳ್ಳುತ್ತದೆ, ತಗ್ಗಿಸುತ್ತದೆ, ಮಾತನ್ನು ಮೇಲೆತ್ತಿ ಕೊಡುತ್ತದೆ. ಫ್ಯಾನು, ಮೋಟರು, ಮಳೆ…

“ಗರಗಸ?” ಎಂದು ಕೇಳಿದೆ.

ಅದೂ ಹಾಗೇ ಎಂದಳು. ಆಮೇಲೆ, ಮಿಲ್ಲಿಗೆಂದೇ ಬೇರೆ ಸೆಟ್ಟಿಂಗ್ ಮಾಡಿಕೊಡುತ್ತೇನೆ, ಒಳಗೆ ಹೋಗುವಾಗ ಫೋನಿನಲ್ಲಿ ಅದನ್ನು ಒತ್ತಿಕೊಳ್ಳಬೇಕು, ಆಗ ಎಲ್ಲ ಸದ್ದೂ ಇದ್ದ ಹಾಗೇ ಬರುತ್ತದೆ ಎಂದಳು. ಹಾಗೇ ಮಾಡಿಕೊಟ್ಟಳು ಕೂಡ.

ಅದು ನಡೆದದ್ದು ಒಂದೇ ದಿನ. ಎಲ್ಲ ಸದ್ದೂ ಇದ್ದ ಹಾಗೇ ಬಂದರೆ ಏನಾಗುತ್ತದೆಂದು ಸಾಮಿಲ್ಲಿನೊಳಗೆ ನಿಂತವರಿಗೇ ಗೊತ್ತು. ಅಂದು ಸಂಜೆ ಅವರು ತಲೆ ಒತ್ತಿಕೊಂಡು ಬಂದು ಮಾತ್ರೆ ಕೇಳಿದರು. ಮರುದಿನದಿಂದ ಮತ್ತೆ ಹಳೆಯ ಸೆಟ್ಟಿಂಗೇ.

“ಈಗ ಮಿಲ್ಲು ಎಷ್ಟು ತಣ್ಣಗೆ ಅದೆ ಗೊತ್ತಾ ಸಿಸ್ಟರಮ್ಮ,” ಅಂದರು. “ಹುಡುಗ್ರು ನನ್ ಬಗ್ಗೆ ಏನ್ ಆಡ್ಕೋತಾರೆ ಅಂತ ಎಲ್ಲಾ ಕೇಳುತ್ತೆ. ಮಿಷಿನ್ನೇ ಕೇಳಲ್ಲ. ನನ್ ಜನ್ಮದಲ್ಲಿ ಅಷ್ಟು ನೆಮ್ಮದಿಯಾಗಿ ಮರ ಕುಯ್ದಿಲ್ಲ.”

ಎಷ್ಟು ಸಂತೋಷದಿಂದ ಹೇಳಿದರು. ಯಂತ್ರ ಬೇಡ, ಮಿಲ್ಲಿನಲ್ಲಿ ತೆಗೆದಿಡಿ ಅಂದೆ. ತೆಗೆದಿಟ್ಟರೆ ತಮ್ಮನ ಮಗ ಮಿಷಿನ್ ಹತ್ತಿರ ಬಿಡುವುದಿಲ್ಲ ಅಂದರು. ಅದೂ ನಿಜ. ಹಾಗಾದರೆ ಕೈಯನ್ನಾದರೂ ಇಡಿ, ಆ ರೂಢಿ ಮಾತ್ರ ಬಿಡಬೇಡಿ ಅಂದೆ. ತಲೆಯಾಡಿಸಿದರು.

ತಾರಸಿಯಿಂದ ನಾನು ನೋಡುತ್ತಲೇ ಇದ್ದೆ. ಮೊದಮೊದಲು ಬಗ್ಗುತ್ತಿದ್ದರು, ಅಂಗೈ ಇಡುತ್ತಿದ್ದರು. ಆಮೇಲೆ ನಿಂತಲ್ಲಿಂದಲೇ ಒಮ್ಮೆ ಸುಮ್ಮನೆ ತಟ್ಟಿದ ಹಾಗೆ. ಆಮೇಲೆ ಬರೀ ಬೆರಳ ತುದಿ… ಒಂದು ದಿನ ಅದೂ ಇಲ್ಲ. ಕತ್ತು ಓರೆ ಮಾಡಿ, ಕಿವಿಗೊಟ್ಟು, ನಿಂತಿದೆ ಎಂದುಕೊಂಡು ಕೈ ಹಾಕಿದರು. ಅಂದು ನಿಂತೇ ಇತ್ತು. ನಾನು ಬಕೆಟ್ಟು ಅಲ್ಲೇ ಬಿಟ್ಟು ಇಳಿದು ಹೋದೆ. ಗೇಟಿನ ಹತ್ತಿರ ಸಿಕ್ಕವರು ನಾನು ಬಾಯಿ ತೆಗೆಯುವ ಮೊದಲೇ ನಗುತ್ತಾ ಕಿವಿ ತೋರಿಸಿದರು.

“ಇದು ಐತಲ್ಲ. ಇನ್ನು ಕೈ ಯಾಕೆ.”

ಅವರ ತಮ್ಮನ ಮಗನಿಗೂ ಹೇಳಿದೆ. ಕಿವಿ ಚೆನ್ನಾಗಿ ಕೇಳುವವರು ಅಷ್ಟೊಂದು ಹೆದರಬೇಕಾಗಿಲ್ಲ ಎಂದು ಅವನೂ ನಂಬಿದ್ದ. “ಬುಡಿ ಸಿಸ್ಟರಮ್ಮ, ನೀವು ಆಸ್ಪತ್ರೆ ಕಣ್ಣಲ್ಲೇ ಎಲ್ಲಾ ನೋಡ್ತೀರಿ,” ಅಂದ.

ಅದಾಗಿ ಎಷ್ಟು ದಿನವೆಂದು ಲೆಕ್ಕ ಇಟ್ಟಿಲ್ಲ. ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಕರೆಂಟು ಹೋಯಿತು. ಅಡುಗೆಮನೆಯ ಫ್ಯಾನು ನಿಧಾನವಾಯಿತು. ಹಿಂದಿನ ಮಿಲ್ಲಿನಲ್ಲಿ ಯಾರೋ “ಕರೆಂಟ್ ಹೋಯ್ತು ಕಣ್ಲಾ, ಬೀಡಿ ಹಚ್ಚು” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಸಾಹೇಬರಿಗೂ ಅದು ಅಷ್ಟೇ ಸ್ಪಷ್ಟವಾಗಿ ಕೇಳಿಸಿರಬೇಕು. ಅದರ ಕೆಳಗೆ, ಇಳಿಯುತ್ತಾ, ಇನ್ನೂ ನಿಲ್ಲದೆ, ಗರಗಸದ ಸಣ್ಣ ಕೊರೆತ ನನ್ನ ಕಿವಿಗೆ ಬರುತ್ತಲೇ ಇತ್ತು. ನನ್ನ ಕೈ ಸೋಪಿನ ನೊರೆಯಲ್ಲಿ ಹಾಗೇ ನಿಂತಿತು. ಕೊರೆತದ ಸದ್ದು ಒಂದು ಕ್ಷಣ ಬದಲಾಯಿತು. ಆಮೇಲೆ ಮತ್ತೆ ಮೊದಲಿನಂತೆ.

ನಾನು ಓಡಿದೆ. ಏನು ಮಾಡಬೇಕೋ ಅದನ್ನೆಲ್ಲ ಕ್ರಮವಾಗಿ ಮಾಡಿದೆ. ಬಿಗಿದು ಕಟ್ಟಿದೆ, ಕೈ ಎತ್ತಿ ಹಿಡಿಸಿದೆ, ಜೀಪಿನಲ್ಲಿ ಪಕ್ಕದಲ್ಲೇ ಕೂತೆ. ಸಾಹೇಬರು ಅಳಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು. “ನಿಂತಿತ್ತು ಸಿಸ್ಟರಮ್ಮ. ನಾನು ಕೇಳಿಸ್ಕೊಂಡೆ. ನಿಂತಿತ್ತು.”

ಮಣಿಕಟ್ಟಿನಿಂದಾಚೆ ಬಲಗೈ ಉಳಿಯಲಿಲ್ಲ. ಗಾಯ ಮಾಗಿದ ಮೇಲೆ ಕೃತಕ ಕೈ ಜೋಡಿಸುವ ಕಡೆಗೆ ಅವರನ್ನು ಕರೆದುಕೊಂಡು ಹೋದೆವು. ಅಲ್ಲಿನ ಯುವಕ ಬ್ಯಾಟರಿಯ ಕೈಯೊಂದನ್ನು ಮೇಜಿನ ಮೇಲಿಟ್ಟು ತೋರಿಸಿದ. ತೋಳಿನ ಸ್ನಾಯು ಬಿಗಿ ಮಾಡಿದರೆ ಬೆರಳು ಮಡಚುತ್ತದೆ, ಸಡಿಲ ಬಿಟ್ಟರೆ ತೆರೆಯುತ್ತದೆ. ಲೋಟ ಹಿಡಿಯಬಹುದು, ಬಾಗಿಲು ತೆಗೆಯಬಹುದು. ಒಳ್ಳೆಯ ವಸ್ತು. ಸಾಹೇಬರು ಅದರ ಅಂಗೈಯನ್ನು ತಮ್ಮ ಎಡಗೈಯಿಂದ ಸವರಿದರು.

“ಇದ್ರಲ್ಲಿ ನಡುಕ ಗೊತ್ತಾಗುತ್ತಾ ಮಗ?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಇಲ್ಲ ಎಂದ. ಸಾಹೇಬರು ಅದನ್ನು ಮೆಲ್ಲಗೆ ಅವನತ್ತ ಸರಿಸಿ ಎದ್ದರು. ಬೇಡ ಎಂದೂ ಹೇಳಲಿಲ್ಲ.

ಕಿವಿಯ ಯಂತ್ರಗಳನ್ನೂ ಅವರು ಮತ್ತೆ ಹಾಕಲಿಲ್ಲ. ನಾನು ಪುನಃ ಕೂಗಿ ಮಾತಾಡತೊಡಗಿದೆ. ಅವರು ಪುನಃ ತುಟಿ ನೋಡತೊಡಗಿದರು, ಆದರೆ ಊಹಿಸುವ ಉತ್ಸಾಹ ಹೋಗಿತ್ತು. ಮುಂದಿನ ವರ್ಷ ರಂಜಾನ್ ಕಳೆದ ಮೇಲೆ, ಒಂದು ಬೆಳಿಗ್ಗೆ… ಎಬ್ಬಿಸಲು ಹೋದವರು ನನ್ನನ್ನು ಕರೆದರು. ನಾಡಿ ನೋಡಲು ಎಡಗೈಯೊಂದೇ ಇತ್ತು. ನಾಡಿ ನಿಂತಿತ್ತು.

ಕಿಟಕಿಗೆ ತರಿಸಿದ ಹಲಸಿನಲ್ಲಿ ಒಂದು ತುಂಡು ಕಡಿಮೆ ಬಿತ್ತು. ನಿನ್ನೆ ಬೆಳಿಗ್ಗೆ ಅದನ್ನು ಹೇಳಿ ಕುಯ್ಯಿಸಲು ಮಿಲ್ಲಿಗೆ ಹೋದೆ. ಸಾಹೇಬರ ತಮ್ಮನ ಮಗ ಈಗ ಮಿಷಿನ್ನಿನ ಮುಂದೆ ತಾನೇ ನಿಲ್ಲುತ್ತಾನೆ, ಆಳು ಸಿಗುವುದಿಲ್ಲವಂತೆ. ಗಡ್ಡ ಬೆಳ್ಳಗಾಗಿದೆ. ನನ್ನತ್ತ ಬೆನ್ನು ಮಾಡಿದ್ದ. ಮಿಷಿನ್ ಆರಿಸಿ, ಬಗ್ಗಿ ಏನನ್ನೋ ನೋಡುತ್ತಿದ್ದ. ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಮ್ಮೆ, ವಾರ್ಡಿನಲ್ಲಿ ಕೂಗುತ್ತಿದ್ದ ದನಿಯಲ್ಲಿ ಕರೆದೆ. ಮೂಲೆಯಲ್ಲಿ ಹಲಗೆ ಜೋಡಿಸುತ್ತಿದ್ದವನು ತಲೆ ಎತ್ತಿದ. ಇವನು ಎತ್ತಲಿಲ್ಲ. ಬ್ಲೇಡಿನತ್ತ ಕೈ ಹೋಗುತ್ತಿತ್ತು.

ನಾನು ಹೋಗಿ ಅವನ ಅಂಗಿಯ ತೋಳು ಹಿಡಿದು ಹಿಂದಕ್ಕೆಳೆದೆ.

ಅವನು ಬೆಚ್ಚಿ ತಿರುಗಿದ. ನಾನೆಂದು ತಿಳಿದು ನಕ್ಕ.

“ಏನ್ ಸಿಸ್ಟರಮ್ಮ, ಹಿಂಗೆ ಬಂದು ಹಿಡ್ಕೋತೀರಿ. ಒಂದ್ ಮಾತು ಕೂಗ್ಬಾರ್ದಾ.”

ಕೂಗಿದ್ದೆ, ಎರಡು ಸಲ. ಅವನ ಕಿವಿಗೆ ಮುಟ್ಟುವ ಹಾಗೆ ಇದನ್ನು ಹೇಳಬಲ್ಲವರು ಸಾಹೇಬರೊಬ್ಬರೇ ಇದ್ದರು.